ಅಂಗೈಯಗಲದ ಕಿವಿ: ಥೀಸಿಸ್ ಮಾಡುವವರಿಗೆ ಆಡಿಯೋಮಾತ್ ಎಷ್ಟು ಉಪಯೋಗ?

ವನ್ಯಜೀವಿ ವಿಜ್ಞಾನದಲ್ಲೋ ಮೀನುಗಾರಿಕೆ ವಿಜ್ಞಾನದಲ್ಲೋ ಎಂ.ಎಸ್ಸಿ., ಪಿಎಚ್.ಡಿ. ಮಾಡುವವರ ಸಲಕರಣೆಗಳ ಪಟ್ಟಿಯಲ್ಲಿ ಬಲೆ, ದುರ್ಬೀನು, ಕ್ಯಾಮೆರಾ ಟ್ರ್ಯಾಪ್‌ಗಳ ಪಕ್ಕಕ್ಕೆ ಈಗ ಆಡಿಯೋಮಾತ್ ಕೂಡ ಬಂದು ಕೂತಿದೆ. ಕಾಡಿನಲ್ಲಿ ಕಟ್ಟಿ ಬಂದರೆ ಹೇಳಿದ ಹೊತ್ತಿಗೆ ತಾನೇ ಪ್ರಾಣಿಗಳ ಸದ್ದು ಮುದ್ರಿಸಿಕೊಳ್ಳುವ, ಓಪನ್ ಅಕೌಸ್ಟಿಕ್ ಡಿವೈಸಸ್ ತಂಡದ ಈ ಧ್ವನಿಮುದ್ರಕವನ್ನು ರೂಪಿಸಿದವರು ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು. ಇದರ ಮೊದಲ ವಿವರವಾದ ಮೌಲ್ಯಮಾಪನ 2018ರಲ್ಲಿ ಪ್ರಕಟವಾಯಿತು. ಉದ್ದ 58, ಅಗಲ 48, ದಪ್ಪ 15 ಮಿಲಿಮೀಟರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಅಷ್ಟೆ. ಹೆಸರಿನಲ್ಲಿರುವ 'ಮಾತ್' ಅಂದರೆ ಪತಂಗ. ಕನ್ನಡದಲ್ಲಿ ಬರೆದಾಗ ಮಾತಾಡುವ ಯಂತ್ರವೇನೋ ಅನ್ನಿಸುತ್ತದೆ, ಆದರೆ ಪಾಪ, ಅದರ ಬಾಳೆಲ್ಲ ಕೇಳಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಯಂತ್ರ ಒಳ್ಳೆಯದು, ಇದೇ ಕೆಲಸದ ಬೇರೆ ಯಂತ್ರಗಳಿಗಿಂತ ಅಗ್ಗ, ವಿನ್ಯಾಸವೂ ಎಲ್ಲರಿಗೂ ತೆರೆದದ್ದು. ಆದರೆ ಇದರಿಂದ ಸಂಶೋಧನೆಯ ಕೆಲಸ ಕಡಿಮೆಯಾಗುತ್ತದೆ ಎಂದುಕೊಂಡವರಿಗೆ ನಿರಾಸೆ ಕಾದಿದೆ. ಇದು ಕೆಲಸವನ್ನು ಕಾಡಿನಿಂದ, ಕೆರೆಯಿಂದ ಎತ್ತಿ ಕಂಪ್ಯೂಟರಿನ ಮುಂದೆ ತಂದಿಡುತ್ತದೆ. ಮುದ್ರಣಗಳ ರಾಶಿ ಎಷ್ಟಾಗುತ್ತದೆ ಎಂದು ಕೊಳ್ಳುವ ಮುಂಚೆಯೇ ಲೆಕ್ಕ ಹಾಕಿದವರಿಗೆ ಇಷ್ಟು ಹೊಂದುವ ಸಲಕರಣೆ ಮತ್ತೊಂದಿಲ್ಲ.

ಪೆಟ್ಟಿಗೆ ತೆರೆದರೆ ಸಿಗುವುದು ಒಂದು ಬರಿಯ ಸರ್ಕೀಟ್ ಬೋರ್ಡು. ಹಿಂಬದಿಯಲ್ಲಿ ಮೂರು ಡಬಲ್-ಎ ಸೆಲ್‌ಗಳ ಜಾಗ, ಅಂಚಿನಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿನ ಕಿಂಡಿ, ಮೈಕ್ರೋ ಯುಎಸ್‌ಬಿ ಕಿಂಡಿ, ಅಕ್ಕಿಕಾಳಿನಷ್ಟು ಚಿಕ್ಕ ಮೈಕು, ಕೆಂಪು–ಹಸಿರು ಎರಡು ದೀಪ, ಮೂರು ಸ್ಥಾನಗಳ ಒಂದು ಸ್ವಿಚ್ಚು. ಪರದೆ ಇಲ್ಲ, ಹೊರಕವಚ ಇಲ್ಲ, ಸೆಲ್ಲೂ ಕಾರ್ಡೂ ಇಲ್ಲ. ಅವುಗಳನ್ನೆಲ್ಲ ಬೇರೆಯಾಗಿ ಕೊಳ್ಳಬೇಕು. 'ಅಗ್ಗ' ಎಂಬ ಮಾತನ್ನು ಅಷ್ಟು ಸೇರಿಸಿಯೇ ತೂಗಬೇಕು.

ಸ್ವಿಚ್ಚಿನ ಮೂರು ಸ್ಥಾನಗಳು ಯುಎಸ್‌ಬಿ/ಆಫ್, ಡೀಫಾಲ್ಟ್, ಕಸ್ಟಮ್. ಹೊಸಬರು ಎಡವುವುದು ಇಲ್ಲೇ. ನೀವು ಎಷ್ಟೇ ಜಾಣತನದಿಂದ ವೇಳಾಪಟ್ಟಿ ತುಂಬಿರಿ, ಅದು ನಡೆಯುವುದು ಕಸ್ಟಮ್‌ನಲ್ಲಿ ಮಾತ್ರ. ಡೀಫಾಲ್ಟ್‌ಗೆ ಸರಿಸಿದರೆ ವೇಳಾಪಟ್ಟಿಯನ್ನು ಲೆಕ್ಕಿಸದೆ ಆ ಗಳಿಗೆಯಿಂದಲೇ ಮುದ್ರಿಸತೊಡಗುತ್ತದೆ, ಕಾರ್ಡು ಬೇಗನೆ ತುಂಬಿ ಕೂರಬಹುದು. ಸ್ವಿಚ್ಚು ಉಗುರಿನಲ್ಲಿ ಸರಿಸುವಷ್ಟು ಚಿಕ್ಕದು. ಕವಚ ಮುಚ್ಚುವ ಮುಂಚೆ ಕಣ್ಣಿನಿಂದ ನೋಡಿ, ಬೆರಳಿನ ಅಂದಾಜನ್ನು ನಂಬಬೇಡಿ. ಹಸಿರು ದೀಪ ಮಿಣುಕಿದರೆ ಮುಂದಿನ ಮುದ್ರಣಕ್ಕೆ ಕಾಯುತ್ತಿದೆ ಎಂದರ್ಥ, ಕೆಂಪು ಮಿಣುಕಿದರೆ ಮುದ್ರಿಸುತ್ತಿದೆ. ಎರಡೂ ಒಟ್ಟಿಗೆ ಮಿಣುಕಿದರೆ ಮೊದಲು ಕಾರ್ಡನ್ನು ಅನುಮಾನಿಸಿ.

ವೇಳಾಪಟ್ಟಿ ತುಂಬುವುದು ಕಂಪ್ಯೂಟರಿನ ಕಾನ್ಫಿಗರೇಶನ್ ಆ್ಯಪ್‌ನಿಂದ. ಯಂತ್ರ ಕಂಪ್ಯೂಟರಿಗೆ ಕಾಣಿಸುತ್ತಿಲ್ಲ ಎಂದು ಗಾಬರಿಯಾಗುವ ಮುಂಚೆ ಕೇಬಲ್ ಬದಲಿಸಿ ನೋಡಿ: ಚಾರ್ಜ್ ಮಾತ್ರ ಮಾಡುವ, ಡೇಟಾ ಸಾಗಿಸದ ಕೇಬಲ್‌ಗಳೇ ಹೆಚ್ಚಿನ ಸಲ ಕಾರಣ. ಆ್ಯಪ್ ಮಾತ್ರ ನಿಜಕ್ಕೂ ಸೊಗಸಾಗಿದೆ. ಮುದ್ರಣ ಎಷ್ಟು ಸೆಕೆಂಡು, ವಿರಾಮ ಎಷ್ಟು ಸೆಕೆಂಡು, ದಿನದ ಯಾವ ಹೊತ್ತು, ಸೂರ್ಯೋದಯ–ಸೂರ್ಯಾಸ್ತಕ್ಕೆ ಹೊಂದಿಸುವುದೋ, ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಎಷ್ಟು, ಎಲ್ಲವೂ ಒಂದೇ ಕಿಟಕಿಯಲ್ಲಿ. ಕೆಳಗಡೆ ದಿನಕ್ಕೆ ಎಷ್ಟು ಫೈಲು, ಎಷ್ಟು ಡೇಟಾ, ಸೆಲ್ಲಿನಿಂದ ಎಷ್ಟು ಮಿಲಿಆಂಪ್-ಅವರ್ (ಸೆಲ್ಲಿನ ಸಾಮರ್ಥ್ಯದ ಅಳತೆ) ಖರ್ಚು ಎಂದು ಅಂದಾಜನ್ನೂ ತೋರಿಸುತ್ತದೆ. ಆ ಕೊನೆಯ ಸಾಲನ್ನು ಓದದೆ ಯಾರೂ ಕಾಡಿಗೆ ಹೊರಡಬಾರದು.

ಏಕೆಂದರೆ ಸೆಲ್ಲಿನ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. ಮೂರು ಸೆಲ್ ಒಂದರ ಹಿಂದೊಂದು ಸರಣಿಯಲ್ಲಿ ಕೂತಿರುತ್ತವೆ. ಕೂಡುವುದು ವೋಲ್ಟೇಜು, ಸಾಮರ್ಥ್ಯವಲ್ಲ. 2000 ಮಿಲಿಆಂಪ್-ಅವರ್‌ನ ಮೂರು ಸೆಲ್ ಹಾಕಿದರೂ ಲೆಕ್ಕಕ್ಕೆ ಸಿಗುವುದು 2000ವೇ, 6000 ಅಲ್ಲ. ಆ್ಯಪ್ ದಿನಕ್ಕೆ 40 ಖರ್ಚು ಎಂದು ತೋರಿಸಿದರೆ ಕಾಗದದ ಮೇಲೆ 50 ದಿನ. ಚಳಿ, ಹಳೆಯ ಸೆಲ್ಲು, ಕಾರ್ಡಿನ ಹಸಿವು ಎಲ್ಲ ಕಳೆದು 35 ದಿನ ಎಂದು ಇಟ್ಟುಕೊಳ್ಳುವುದು ಕ್ಷೇಮ. ಅಲ್ಕಲೈನ್ ಸೆಲ್ ಎಲ್ಲೆಡೆ ಸಿಗುತ್ತದೆ, ಆದರೆ ಖಾಲಿಯಾದ ಮೇಲೆ ಒಳಗೇ ಬಿಟ್ಟರೆ ಸೋರಿ ಬೋರ್ಡನ್ನು ತಿನ್ನುತ್ತದೆ. 1.5 ವೋಲ್ಟಿನ ಲಿಥಿಯಂ ಡಬಲ್-ಎ ಚಳಿಗೆ ಅಳುಕುವುದಿಲ್ಲ, ಹಗುರವೂ ಹೌದು, ಆದರೆ ದುಬಾರಿ ಮತ್ತು ಒಂದೇ ಸಲದ ಬಳಕೆ. ಚಾರ್ಜ್ ಮಾಡಬಲ್ಲ ನಿಕಲ್ ಸೆಲ್ ತಲಾ 1.2 ವೋಲ್ಟ್, ಮೂರು ಸೇರಿದರೆ 3.6. ವಾರಕ್ಕೊಮ್ಮೆ ಹೋಗಿ ಬದಲಿಸುವ ಜಾಗಕ್ಕೆ ಇದೇ ಲಾಭ. ತಿಂಗಳುಗಟ್ಟಲೆ ಬಿಟ್ಟು ಬರುವ ಜಾಗಕ್ಕೆ ಲಿಥಿಯಂ. ಹೊಸ ಸೆಲ್ಲಿನ ಜೊತೆ ಹಳೆಯದನ್ನು ಬೆರೆಸಿದರೆ ಮೂರರಲ್ಲಿ ಬಡವ ಯಾವನೋ ಅವನ ಆಯಸ್ಸೇ ಎಲ್ಲರ ಆಯಸ್ಸು.

ಇನ್ನು ಸ್ಯಾಂಪಲ್ ರೇಟ್, ಅಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು. 8 ಕಿಲೋಹರ್ಟ್ಜ್‌ನಿಂದ 384ರವರೆಗೆ ಎಂಟು ಹಂತಗಳಿವೆ. ಯಾವ ರೇಟ್ ಇಟ್ಟರೂ ಅದರ ಅರ್ಧದಷ್ಟು ಆವರ್ತನದವರೆಗಿನ ಸದ್ದು ಮಾತ್ರ ದಾಖಲಾಗುತ್ತದೆ. ಕಪ್ಪೆ, ಗೂಬೆಗಳಿಗೆ 16 ಸಾಕು. ಹಕ್ಕಿಗಳಿಗೆ 48 ಇಡುವುದು ವಾಡಿಕೆ. 24 ಕಿಲೋಹರ್ಟ್ಜ್‌ವರೆಗೆ ಸಿಗುತ್ತದೆ, ಮುಂದೆ ಬಳಸುವ ಸಾಫ್ಟ್‌ವೇರಿಗೂ ಹೊಂದುತ್ತದೆ. ಬಾವಲಿಗಳಿಗೆ 192ಕ್ಕಿಂತ ಕಡಿಮೆ ಬೇಡ, ಎತ್ತರದ ಸ್ಥಾಯಿಯಲ್ಲಿ ಕೂಗುವ ಪ್ರಭೇದಗಳಿದ್ದರೆ 250 ಅಥವಾ 384. ಆನೆಗಳ ಗುಡುಗಿನ ಮೂಲಸ್ವರ ಮನುಷ್ಯನ ಕಿವಿಗೆ ನಿಲುಕದಷ್ಟು ಕೆಳಗಿರುತ್ತದೆ; ಈ ಪುಟ್ಟ ಮೈಕು ಅಷ್ಟು ಕೆಳಸ್ಥಾಯಿಗೆ ಹೇಳಿ ಮಾಡಿಸಿದ್ದಲ್ಲ, ಆ ವಿಷಯದವರು ಬೇರೆ ಯಂತ್ರ ನೋಡಬೇಕು.

ಮುದ್ರಣವೆಲ್ಲ 16 ಬಿಟ್‌ನ, ಕುಗ್ಗಿಸದ ವೇವ್ ಫೈಲು. ಹಾಗಾಗಿ ಲೆಕ್ಕ ಸುಲಭ: 48 ಕಿಲೋಹರ್ಟ್ಜ್‌ನಲ್ಲಿ ನಿಮಿಷಕ್ಕೆ 5.76 ಎಂಬಿ, ಗಂಟೆಗೆ ಸುಮಾರು 346 ಎಂಬಿ, ಬಿಡದೆ ಮುದ್ರಿಸಿದರೆ ದಿನಕ್ಕೆ 8.3 ಜಿಬಿ. 384ರಲ್ಲಿ ಗಂಟೆಗೇ 2.76 ಜಿಬಿ. ಹತ್ತು ನಿಮಿಷಕ್ಕೆ ಒಂದು ನಿಮಿಷದಂತೆ 48ರಲ್ಲಿ ಮುದ್ರಿಸಿದರೆ ದಿನಕ್ಕೆ 144 ನಿಮಿಷ, ಸುಮಾರು 830 ಎಂಬಿ. 32 ಜಿಬಿ ಕಾರ್ಡಿಗೆ 38 ದಿನ. ಇದೇ ಲೆಕ್ಕವನ್ನು 20 ಯಂತ್ರ, 30 ದಿನಕ್ಕೆ ಎಳೆಯಿರಿ: ಒಟ್ಟು 500 ಜಿಬಿ ಹತ್ತಿರ, 86,400 ನಿಮಿಷ, ಅಂದರೆ 1,440 ಗಂಟೆ. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತರೆ 180 ದಿನ, ರಜೆಯಿಲ್ಲದೆ. ಒಂದು ತಿಂಗಳ ಫೀಲ್ಡಿಗೆ ಆರು ತಿಂಗಳ ಕೇಳ್ಮೆ! ಪ್ರಸ್ತಾವನೆಯ ವೇಳಾಪಟ್ಟಿಯಲ್ಲಿ 'ದತ್ತಾಂಶ ವಿಶ್ಲೇಷಣೆ: 2 ತಿಂಗಳು' ಎಂದು ಬರೆದವರು ಈ ಸಾಲನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಕಾರ್ಡಿನ ವಿಷಯದಲ್ಲಿ ಜಿಪುಣತನ ಬೇಡ. ನಿಧಾನದ ಕಾರ್ಡು ಬರೆಯುವುದಕ್ಕೆ ತಡಕಾಡಿದಾಗ ಮುದ್ರಣದಲ್ಲಿ ತುಣುಕುಗಳು ಬಿಟ್ಟುಹೋಗುತ್ತವೆ, ಕರೆಂಟನ್ನೂ ಹೆಚ್ಚು ಕುಡಿಯುತ್ತದೆ. ಬಾವಲಿಗಳ ರೇಟ್‌ನಲ್ಲಿ ಇದು ಎದ್ದು ಕಾಣುತ್ತದೆ. ತಯಾರಕರು ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಬಗೆಯ ವೇಗದ ಕಾರ್ಡನ್ನು ಶಿಫಾರಸು ಮಾಡುವುದು ಸುಮ್ಮನೆ ಅಲ್ಲ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಬೇರೆ ಫೈಲ್ ವ್ಯವಸ್ಥೆಯಲ್ಲಿ ಬರುತ್ತವೆ, ಹಳೆಯ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಅದನ್ನು ಓದದೆ ಇರಬಹುದು. ಫರ್ಮ್‌ವೇರ್ ಹೊಸದು ಮಾಡಿ, ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಿ, ಒಂದು ರಾತ್ರಿ ಮನೆಯಲ್ಲೇ ಓಡಿಸಿ ನೋಡಿ. ಒಂದು ಅಧ್ಯಯನದ ಎಲ್ಲ ಯಂತ್ರಗಳಲ್ಲೂ ಒಂದೇ ಫರ್ಮ್‌ವೇರ್, ಒಂದೇ ಗೇನ್, ಒಂದೇ ಬಗೆಯ ಕಾರ್ಡು ಇರಲಿ. ನಡುವೆ ಬದಲಿಸಿದರೆ ಆ ಬದಲಾವಣೆಯೇ ನಿಮ್ಮ 'ಫಲಿತಾಂಶ'ವಾಗಿ ಹೊರಬಂದೀತು.

ಗೇನ್‌ಗೆ ಐದು ಹಂತ, ಕಾರ್ಖಾನೆಯಿಂದ ಬರುವುದು ಮೀಡಿಯಂ. ಸಂದೇಹವಿದ್ದರೆ ಅದನ್ನೇ ಇಟ್ಟುಕೊಳ್ಳಿ. ದೂರದ ಕೂಗು ಸಿಗಲಿ ಎಂದು ಹೈಗೆ ಏರಿಸಿದರೆ ಪಕ್ಕದ ಜೀರುಂಡೆಯ ಸದ್ದಿಗೇ ಅಲೆಯ ತುದಿಗಳು ಕತ್ತರಿಸಿ ಚಪ್ಪಟೆಯಾಗುತ್ತವೆ. ಹೀಗೆ ಕೆಟ್ಟ ಮುದ್ರಣವನ್ನು ಆಮೇಲೆ ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡಲಾರದು.

ಸದ್ದಾದಾಗ ಮಾತ್ರ ಮುದ್ರಿಸುವ ಟ್ರಿಗರ್ ಸೌಲಭ್ಯವೂ ಇದೆ. ಬಾವಲಿಗಳಿಗೆ ಅದು ವರದಾನ: ಎತ್ತರದ ಆವರ್ತನದಲ್ಲಿ ಹಿನ್ನೆಲೆಯ ಗಲಾಟೆ ಕಡಿಮೆ, ಜಾಗ ಬಹಳ ಉಳಿಯುತ್ತದೆ. ಹಕ್ಕಿ, ಕಪ್ಪೆಗಳು ಯಾವ ಯಾವ ಜಾಗದಲ್ಲಿವೆ ಎಂದು ನೋಡುವ ಆಕ್ಯುಪೆನ್ಸಿ ಅಧ್ಯಯನಕ್ಕೆ ಮಾತ್ರ ಇದನ್ನು ಬಳಸಬೇಡಿ ಎಂಬುದು ನಮ್ಮ ಅಭಿಪ್ರಾಯ. ಗಾಳಿ ಬೀಸಿದ ದಿನ ಯಂತ್ರ ಸುಮ್ಮನೆ ಕೆರಳುತ್ತದೆ, ಮೆಲ್ಲಗೆ ಕೂಗಿದ ಪ್ರಾಣಿಗೆ ಏಳುವುದೇ ಇಲ್ಲ. ಪತ್ತೆಯ ಸಾಧ್ಯತೆ ಹವಾಮಾನದ ಕೈಗೆ ಹೋಗುತ್ತದೆ, ಅದನ್ನು ಅಳೆಯಲು ಬೇಕಾದ ಹಿನ್ನೆಲೆಯೂ ಕಾರ್ಡಿನಲ್ಲಿ ಉಳಿದಿರುವುದಿಲ್ಲ.

ಗಡಿಯಾರಕ್ಕೆ ಬರೋಣ. ಥೀಸಿಸ್‌ಗಳನ್ನು ಸದ್ದಿಲ್ಲದೆ ಕೆಡಿಸುವುದು ಇದು. ಯಂತ್ರ ಮೂಲತಃ ಯುಟಿಸಿ ಎಂಬ ಜಾಗತಿಕ ಪ್ರಮಾಣ ಕಾಲದಲ್ಲಿ ನಡೆಯುತ್ತದೆ, ಫೈಲಿನ ಹೆಸರೂ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಂದು ಅದೇ ಕಾಲವನ್ನು ಹೇಳುತ್ತದೆ. ಸ್ಥಳೀಯ ಕಾಲ ಎಂದುಕೊಂಡು ಬೆಳಗಿನ 5ರಿಂದ 8 ಎಂದು ತುಂಬಿದರೆ, ಯುಟಿಸಿಗೂ ನಿಮ್ಮ ಊರಿಗೂ ಇರುವ ಅಂತರದಷ್ಟು ಜಾರಿ, ಹಕ್ಕಿಗಳ ಮುಂಜಾನೆಯ ಮೇಳವೆಲ್ಲ ಮುಗಿದ ಮೇಲೆ ಮುದ್ರಣ ಶುರುವಾಗಬಹುದು. ಆ್ಯಪ್‌ನಲ್ಲಿ ಸ್ಥಳೀಯ ಕಾಲವನ್ನು ಆರಿಸುವ ಅವಕಾಶವಿದೆ. ಯಾವುದನ್ನು ಆರಿಸಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಎಲ್ಲ ಯಂತ್ರಕ್ಕೂ ಒಂದೇ ಇರಲಿ. ಸೆಲ್ ತೆಗೆದು ಬಹಳ ಹೊತ್ತು ಬಿಟ್ಟರೆ ಗಡಿಯಾರ ಅಳಿಸಿಹೋಗುತ್ತದೆ. ಆಗ ಕಂಪ್ಯೂಟರಿಗೆ ಸಿಕ್ಕಿಸಿ ಸರಿಪಡಿಸಬೇಕು, ಇಲ್ಲವೇ ಫೋನಿನ ಚೈಮ್ ಆ್ಯಪ್ ಬಳಸಬೇಕು. ಅದು ಒಂದು ಸಣ್ಣ ರಾಗ ನುಡಿಸಿ ಗಾಳಿಯಲ್ಲೇ ಸಮಯವನ್ನು ಯಂತ್ರಕ್ಕೆ ದಾಟಿಸುತ್ತದೆ. ಮರದಡಿ ನಿಂತು ಫೋನು ಹಾಡುವುದು, ಯಂತ್ರ ತಲೆದೂಗುವುದು ನೋಡಲು ತಮಾಷೆ, ಆದರೆ ಬಹಳ ಉಪಯುಕ್ತ.

ಗಡಿಯಾರದ ಸಣ್ಣ ಜಾರುವಿಕೆ ಇದ್ದೇ ಇರುತ್ತದೆ. ಯಾವ ಪ್ರಭೇದ ಯಾವ ಜಾಗದಲ್ಲಿದೆ ಎಂದು ನೋಡುವವರಿಗೆ ಅದು ಲೆಕ್ಕಕ್ಕಿಲ್ಲ. ನಾಲ್ಕೈದು ಯಂತ್ರಗಳಿಗೆ ಸದ್ದು ತಲುಪಿದ ಹೊತ್ತಿನ ವ್ಯತ್ಯಾಸದಿಂದ ಪ್ರಾಣಿಯ ಜಾಗ ಕಂಡುಹಿಡಿಯುವವರಿಗೆ ಮಾತ್ರ ಅದೇ ಸರ್ವಸ್ವ: ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಒಂದು ಸೆಕೆಂಡು ತಪ್ಪಿದರೆ ಅಷ್ಟು ದೂರದ ತಪ್ಪು. ಅಂಥವರಿಗೆ ಜಿಪಿಎಸ್ ಜೋಡಿಸಿ ಓಡಿಸುವ ಬೇರೆ ಫರ್ಮ್‌ವೇರ್ ಇದೆ, ಅದಕ್ಕೆ ಬೇಕಾದ ಹೆಚ್ಚುವರಿ ಭಾಗಗಳೂ ಬೇಕು.

ಹೊರಕವಚಕ್ಕೆ ಎರಡು ದಾರಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟುವುದು ಮೊದಲಿನಿಂದ ಬಂದ ರೂಢಿ. ಖರ್ಚಿಲ್ಲ, ಆದರೆ ಗಾಳಿಗೆ ಚೀಲ ಚರಪರ ಎನ್ನುತ್ತದೆ, ಮಳೆಹನಿ ಬಿದ್ದರೆ ತಮಟೆ, ಬಿಸಿಲಿಗೆ ಒಳಗೆ ಬೆವರು. ಅಚ್ಚಿನಲ್ಲಿ ಮಾಡಿದ ಅಧಿಕೃತ ಜಲನಿರೋಧಕ ಪೆಟ್ಟಿಗೆಯಲ್ಲಿ ಮೈಕಿನ ಎದುರಿಗೆ ಸದ್ದನ್ನು ಬಿಡುವ, ನೀರನ್ನು ತಡೆಯುವ ತೆಳು ಪೊರೆ ಇದೆ. ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಪೊರೆಯನ್ನು ಬೆರಳಿನಿಂದ ಒತ್ತಬೇಡಿ, ಒರೆಸಬೇಡಿ. ಇರುವೆಗಳು ಕಿಂಡಿಯಲ್ಲಿ ಮಣ್ಣು ತುಂಬುವುದೂ ಕೀಟಗಳು ಪೊರೆಯನ್ನು ಕಚ್ಚುವುದೂ ಉಂಟು. ತೂತು ಕಣ್ಣಿಗೆ ಬೀಳದಿದ್ದರೂ ಎತ್ತರದ ಆವರ್ತನ ಮಂಕಾಗಿರುವುದು ಸ್ಪೆಕ್ಟ್ರೋಗ್ರಾಮ್‌ನಲ್ಲಿ, ಅಂದರೆ ಸದ್ದಿನ ಆವರ್ತನ ತೋರಿಸುವ ಚಿತ್ರದಲ್ಲಿ, ಗೊತ್ತಾಗುತ್ತದೆ. ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ, ಆದರೆ ಅದು ಮೈಕಿನ ಮೇಲೆ ಕೂರದಿರಲಿ.

ಕಟ್ಟುವ ಜಾಗ: ನೆಲದಿಂದ ಒಂದೂವರೆ–ಎರಡು ಮೀಟರ್ ಎತ್ತರ, ತೆಳ್ಳಗಿನ ಕಾಂಡ ಅಥವಾ ಗೂಟ. ದಪ್ಪ ಮರಕ್ಕೆ ಕಟ್ಟಿದರೆ ಹಿಂಬದಿಯ ಸದ್ದಿಗೆ ಮರವೇ ಗೋಡೆ. ಮೈಕಿಗೆ ತಾಗುವ ಎಲೆ, ಬಳ್ಳಿಗಳನ್ನು ಬಿಡಿಸಿ. ಹರಿಯುವ ತೊರೆಯ ಪಕ್ಕ ಕಟ್ಟಿದರೆ ತಿಂಗಳೆಲ್ಲ ಸಿಗುವುದು ನೀರಿನ ಸದ್ದೇ. ಎಷ್ಟು ದೂರದ ಕೂಗು ಸಿಗುತ್ತದೆ ಎಂಬುದನ್ನು ಊಹಿಸಬೇಡಿ: ನಿಮ್ಮ ಪ್ರಭೇದದ ಕೂಗನ್ನು ಸ್ಪೀಕರಿನಲ್ಲಿ ಒಂದೇ ಮಟ್ಟದಲ್ಲಿ 10, 25, 50, 100 ಮೀಟರ್‌ಗಳಿಂದ ನುಡಿಸಿ, ದಟ್ಟ ಕಾಡಿನಲ್ಲಿ ಒಮ್ಮೆ, ಬಯಲಿನಲ್ಲಿ ಒಮ್ಮೆ ನೋಡಿ. ಎರಡರ ನಡುವೆ ವ್ಯತ್ಯಾಸ ದೊಡ್ಡದಿದ್ದರೆ 'ಬಯಲಿನಲ್ಲಿ ಹಕ್ಕಿ ಹೆಚ್ಚು' ಎಂಬ ಫಲಿತಾಂಶದ ಅರ್ಥ 'ಬಯಲಿನಲ್ಲಿ ಸದ್ದು ದೂರ ಹೋಗುತ್ತದೆ' ಎಂದಷ್ಟೇ ಇರಬಹುದು. ಯಂತ್ರದಿಂದ ಯಂತ್ರಕ್ಕೆ ಮೈಕಿನ ಸೂಕ್ಷ್ಮತೆಯೂ ತುಸು ಬೇರೆ, ತೇವಕ್ಕೆ ಸಿಕ್ಕಿ ದಿನ ಕಳೆದಂತೆ ಕುಗ್ಗುವುದೂ ಇದೆ. ಹೋಗುವ ಮುಂಚೆ, ಬಂದ ಮೇಲೆ, ಒಂದೇ ಕೋಣೆಯಲ್ಲಿ ಒಂದು ಮೀಟರ್ ದೂರದಿಂದ ಒಂದೇ ಸದ್ದು ಕೇಳಿಸಿ ಎಲ್ಲವನ್ನೂ ಹೋಲಿಸಿ. ಫೀಲ್ಡಿನಲ್ಲಿ ಯಂತ್ರಗಳನ್ನು ಜಾಗದಿಂದ ಜಾಗಕ್ಕೆ ಅದಲುಬದಲು ಮಾಡುತ್ತಿದ್ದರೆ ಯಂತ್ರದ ಕಿವುಡು ಜಾಗದ ಗುಣವಾಗಿ ವೇಷ ಹಾಕುವುದಿಲ್ಲ.

ಮೀನಿನ ವಿದ್ಯಾರ್ಥಿಗಳಿಗೆ ಇದರ ನೀರಿನ ಅವತಾರ ಹೈಡ್ರೋಮಾತ್. ಅದೇ ಬಗೆಯ ಬೋರ್ಡು, 60 ಮೀಟರ್ ಆಳದವರೆಗೆ ತಾಳುವ ಕವಚ. ಮೀನುಗಳು ಮೂಕ ಎಂಬುದು ಹಳೆಯ ನಂಬಿಕೆ. ಗೊರಕು (ಕ್ರೋಕರ್) ಮೀನುಗಳ ಕುಟುಂಬದ ಹಲವು ಜಾತಿಗಳು ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಡೋಲು ಬಾರಿಸುತ್ತವೆ, ಮೊಟ್ಟೆಯಿಡುವ ಕಾಲದಲ್ಲಿ ಇನ್ನೂ ಜೋರು. ಹೆಚ್ಚಿನ ಮೀನುಗಳ ಸದ್ದು 2 ಕಿಲೋಹರ್ಟ್ಜ್‌ನ ಕೆಳಗೇ ಇರುವುದರಿಂದ 16ರ ರೇಟ್ ಸಾಕಾಗುತ್ತದೆ. ಚಿಟಿಕೆ ಸಿಗಡಿಗಳ ಚಟಪಟ ಬೇಕೆಂದರೆ 48. ತೊಂದರೆ ಏನೆಂದರೆ ಮೀನು ಡೋಲು ಬಾರಿಸುವ ಆವರ್ತನದಲ್ಲೇ ಹಗ್ಗದ ಮಿಡಿತ, ಸರಪಳಿಯ ಕಟಕಟ, ದೋಣಿಯ ಎಂಜಿನ್ ಕೂಡ ಇರುತ್ತವೆ. ಸರಪಳಿ ಬೇಡ, ಹಗ್ಗ ಬಿಗಿಯಾಗಿ ತಂತಿಯಂತೆ ಮಿಡಿಯದಿರಲಿ, ಕವಚವನ್ನು ತಳದ ಭಾರಕ್ಕೆ ರಬ್ಬರ್ ಸುತ್ತಿ ಕಟ್ಟಿ, ಮೇಲಿನ ತೇಲುಬುಂಡೆಯ ಎಳೆತ ಯಂತ್ರಕ್ಕೆ ತಗಲದಿರಲಿ. ಕವಚ ಮುಚ್ಚುವಾಗ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಮೇಲೆ ಒಂದು ಕೂದಲೆಳೆ, ಒಂದು ಮರಳುಕಣ ಇದ್ದರೂ ನೀರು ನುಗ್ಗುತ್ತದೆ. ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಯಂತ್ರವಿಲ್ಲದೆ ಒಣ ಟಿಶ್ಯೂ ಕಾಗದ ಇಟ್ಟು ಒಂದು ರಾತ್ರಿ ಮುಳುಗಿಸಿ ನೋಡಿ. ಕಾಗದ ಒದ್ದೆಯಾದರೆ ಹೋದದ್ದು ಕಾಗದ ಮಾತ್ರ.

ನೀರಿನೊಳಗಿನ ಶಬ್ದಮಟ್ಟವನ್ನು ಡೆಸಿಬಲ್‌ನಲ್ಲಿ ನಿಖರವಾಗಿ ವರದಿ ಮಾಡಬೇಕಾದವರಿಗೆ ಹೈಡ್ರೋಮಾತ್ ಸಲ್ಲದು. ಕವಚದ ಗೋಡೆಯ ಮೂಲಕ ಕೇಳಿಸಿಕೊಳ್ಳುವ ಕಾರಣ ಎಲ್ಲ ಆವರ್ತನಕ್ಕೂ ಅದು ಸಮನಾಗಿ ಸ್ಪಂದಿಸುವುದಿಲ್ಲ. ಹಡಗಿನ ಗದ್ದಲ ಅಳೆಯುವಂಥ ವಿಷಯಕ್ಕೆ ಸೌಂಡ್‌ಟ್ರ್ಯಾಪ್‌ನಂಥ, ಅಳತೆ ಸರಿಹೊಂದಿಸಿ (ಕ್ಯಾಲಿಬ್ರೇಟ್ ಮಾಡಿ) ಕೊಡುವ ಯಂತ್ರವೇ ಬೇಕು. ಯಾವ ರಾತ್ರಿ ಡೋಲು ಕೇಳಿಸಿತು, ಯಾವ ಬಂಡೆಯ ಬಳಿ ಸದ್ದು ಹೆಚ್ಚು ಎಂಬ ಪ್ರಶ್ನೆಗಳಿಗೆ ಇದೇ ಧಾರಾಳ.

ಕಾರ್ಡು ತಂದ ಮೇಲೆ ಫೈಲಿನ ಹೆಸರು ಬದಲಿಸಬೇಡಿ. ಜಾಗದ ಹೆಸರಿನ ಫೋಲ್ಡರಿನಲ್ಲಿ ಹಾಗೆಯೇ ಇಡಿ. ಪ್ರತಿ ಫೈಲಿನ ತಲೆಭಾಗದಲ್ಲೇ ಯಂತ್ರದ ಗುರುತುಸಂಖ್ಯೆ, ಗೇನ್, ಸೆಲ್ಲಿನ ವೋಲ್ಟೇಜ್, ತಾಪಮಾನ ಬರೆದಿರುತ್ತದೆ. ಯಾವ ಯಂತ್ರ ಯಾವ ಮರದಲ್ಲಿತ್ತು ಎಂದು ಗೊಂದಲವಾದರೆ ಕಾಪಾಡುವುದು ಆ ಸಾಲು. ಎರಡು ಕಡೆ ಪ್ರತಿ ಆಗುವವರೆಗೆ ಕಾರ್ಡು ಅಳಿಸಬೇಡಿ. ದಾರಿಹೋಕರ ಮಾತೂ ಮುದ್ರಣವಾಗಿರುತ್ತದೆ. ಅದನ್ನು ಏನು ಮಾಡುತ್ತೀರಿ ಎಂದು ಅನುಮತಿ ಪತ್ರದಲ್ಲೇ ಬರೆದಿರಬೇಕು.

ವಿಶ್ಲೇಷಣೆಗೆ ಹಕ್ಕಿಯವರು ಮೊದಲು ಓಡುವುದು ಸದ್ದಿನಿಂದ ಹಕ್ಕಿಯನ್ನು ಗುರುತಿಸುವ ಬರ್ಡ್‌ನೆಟ್ ತಂತ್ರಾಂಶದ ಕಡೆ. ಅದು ಮುದ್ರಣವನ್ನು 3 ಸೆಕೆಂಡಿನ ತುಂಡುಗಳಾಗಿ ಸೀಳಿ ಪ್ರತಿ ತುಂಡಿಗೂ ಪ್ರಭೇದದ ಹೆಸರು, ಜೊತೆಗೆ 0ಯಿಂದ 1ರವರೆಗೆ ಒಂದು ಅಂಕ ಕೊಡುತ್ತದೆ. 0.8 ಎಂದರೆ ನೂರಕ್ಕೆ 80 ಸರಿ ಎಂದು ಓದುವುದು ದೊಡ್ಡ ತಪ್ಪು. ಆ ಅಂಕ ಸಂಭವನೀಯತೆಯಲ್ಲ, ಒಂದೊಂದು ಪ್ರಭೇದಕ್ಕೆ ಅದರ ಬೆಲೆ ಒಂದೊಂದು. ಪ್ರತಿ ಪ್ರಭೇದಕ್ಕೂ ಕಡಿಮೆ, ನಡು, ಹೆಚ್ಚು ಅಂಕಗಳಿಂದ ಒಟ್ಟು ನೂರು ತುಂಡುಗಳನ್ನಾದರೂ ಕಿವಿಯಿಂದ ಕೇಳಿ, ಸರಿ–ತಪ್ಪು ಗುರುತು ಹಾಕಿ, ಯಾವ ಅಂಕದ ಮೇಲೆ ನಂಬಬಹುದು ಎಂದು ನೀವೇ ಗೆರೆ ಎಳೆಯಬೇಕು. ಹಾಗೆ ಎಳೆದ ಮೇಲೂ ತಪ್ಪು ಪತ್ತೆಗಳು ಉಳಿಯುತ್ತವೆ, ಅದಕ್ಕೆ ತಕ್ಕ ಆಕ್ಯುಪೆನ್ಸಿ ಮಾದರಿಗಳಿವೆ. ಕಪ್ಪೆ, ಮೀನುಗಳಿಗೆ ಇಷ್ಟೂ ಸುಖವಿಲ್ಲ. ರೇವನ್ ಅಥವಾ ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ ತೆರೆದು ಕಣ್ಣಿನಿಂದ ಹುಡುಕುವುದು, ಇಲ್ಲವೇ ಸ್ವಂತ ಮಾದರಿಗೆ ತರಬೇತಿ ಕೊಡುವುದು.

ಈ ಯಂತ್ರ ಉತ್ತರಿಸುವ ಪ್ರಶ್ನೆ 'ಕೂಗಿತೇ?' ಎಂಬುದು ಮಾತ್ರ. 'ಎಷ್ಟಿವೆ?' ಎಂಬುದಕ್ಕೆ ಉತ್ತರ ಇದರಲ್ಲಿ ನೇರವಾಗಿ ಇಲ್ಲ: ಒಂದೇ ಗಂಡುಕಪ್ಪೆ ನೂರು ಸಲ ಕೂಗಬಹುದು, ನೂರು ಹೆಣ್ಣು ಒಮ್ಮೆಯೂ ಕೂಗದಿರಬಹುದು. ಮೌಖಿಕ ಪರೀಕ್ಷೆಯಲ್ಲಿ 'ಸದ್ದಿಲ್ಲದ ದಿನ ಪ್ರಾಣಿ ಇರಲಿಲ್ಲವೇ?' ಎಂದು ಕೇಳಿಯೇ ಕೇಳುತ್ತಾರೆ. ಸಂಖ್ಯೆಯೇ ಬೇಕಾದರೆ ಬಲೆ, ಗುರುತು–ಮರುಹಿಡಿತ, ದೂರ ಅಳೆಯುವ ಗಣತಿ ಇವುಗಳಲ್ಲೊಂದನ್ನು ಜೊತೆಗಿಟ್ಟುಕೊಳ್ಳಬೇಕು.

ಹೋಲಿಕೆಗೆ ಒಂದು ಮಾತು: ಇಂಥದ್ದೇ ಇನ್ನೊಂದು ಧ್ವನಿಮುದ್ರಕ ಸಾಂಗ್ ಮೀಟರ್ ಮಿನಿ ಕವಚದ ಸಮೇತ ಬರುತ್ತದೆ, ಫೋನಿನ ಬ್ಲೂಟೂತ್‌ನಿಂದಲೇ ಹೊಂದಿಸಬಹುದು, ಮಳೆಗೆ ಗಟ್ಟಿ, ಬೆಲೆಯೂ ಗಟ್ಟಿ. ಐದಾರು ಜಾಗದಲ್ಲಿ ವರ್ಷವಿಡೀ ಬಿಡುವುದಿದ್ದರೆ ಅದು ನೆಮ್ಮದಿ. ಮೂವತ್ತು, ನಲವತ್ತು ಜಾಗಗಳಲ್ಲಿ ಏಕಕಾಲಕ್ಕೆ ಇಡಬೇಕಾದ ವಿನ್ಯಾಸಕ್ಕೆ ಆಡಿಯೋಮಾತ್‌ಗೆ ಎದುರಿಲ್ಲ, ಒಂದೆರಡನ್ನು ಮಂಗ ಕಿತ್ತೊಯ್ದರೂ ಅಧ್ಯಯನ ನಿಲ್ಲುವುದಿಲ್ಲ. ಇಪ್ಪತ್ತು ಜಾಗಕ್ಕೆ ಇಪ್ಪತ್ಮೂರು ಯಂತ್ರ ಕೊಳ್ಳಿ, ಕಾರ್ಡು ನಲವತ್ತು: ಒಂದು ಜೊತೆ ಕಾಡಿನಲ್ಲಿ, ಇನ್ನೊಂದು ನಕಲಾಗುತ್ತಾ ಮೇಜಿನ ಮೇಲೆ.